ಹಳೆಯ ಡಿಸ್ಕ್ ಕೊಂಡವನು ಕಳ್ಳನಲ್ಲ

2010ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ‘ಹೆವಿ ರೇನ್’ ಎಂಬ ಪ್ಲೇಸ್ಟೇಷನ್ 3ರ ಆಟ ಮುಂದಿನ ವರ್ಷದ ಹೊತ್ತಿಗೆ ಸುಮಾರು 20 ಲಕ್ಷ ಪ್ರತಿ ಮಾರಾಟವಾಗಿತ್ತು. ಅದನ್ನು ತಯಾರಿಸಿದ್ದು ಪ್ಯಾರಿಸ್ಸಿನ ಕ್ವಾಂಟಿಕ್ ಡ್ರೀಮ್ ಸ್ಟುಡಿಯೊ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಸ್ಟುಡಿಯೊದ ಮುಖ್ಯಸ್ಥರಲ್ಲೊಬ್ಬರಾದ ಗಿಯೋಮ್ ದ ಫೊಂಡೊಮಿಯೇರ್ ಸಂದರ್ಶನವೊಂದರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಆಡಿದವರ ಖಾತೆಗೆ ಸೇರುವ ಟ್ರೋಫಿಗಳನ್ನು ಎಣಿಸಿದರೆ 30 ಲಕ್ಷಕ್ಕೂ ಹೆಚ್ಚು ಮಂದಿ ಈ ಆಟ ಆಡಿದ್ದಾರೆ, ನಮಗೆ ದುಡ್ಡು ಬಂದದ್ದು 20 ಲಕ್ಷ ಪ್ರತಿಗೆ ಮಾತ್ರ, ಸೆಕೆಂಡ್ ಹ್ಯಾಂಡ್ ವ್ಯಾಪಾರದಿಂದ ನಮಗೆ 50 ಲಕ್ಷದಿಂದ ಒಂದು ಕೋಟಿ ಯೂರೊವರೆಗೆ ರಾಯಲ್ಟಿ ಖೋತಾ ಆಯಿತು ಎಂದರು.

ಈ ಧಾಟಿಯಲ್ಲಿ ಮಾತಾಡಿದ್ದು ಅವರೊಬ್ಬರೇ ಅಲ್ಲ. 2010ರ ಆಗಸ್ಟ್‌ನಲ್ಲಿ ಅಮೆರಿಕದ ಟಿಎಚ್‌ಕ್ಯು ಕಂಪನಿಯಲ್ಲಿ ಕುಸ್ತಿ ಆಟಗಳ ಹೊಣೆ ಹೊತ್ತಿದ್ದ ಕೋರಿ ಲೆಡೆಸ್ಮಾ, ಜನ ಹಳೆಯ ಪ್ರತಿ ಕೊಂಡರೆ ತಮಗೆ ಮೋಸವಾದಂತೆ ಎಂದಿದ್ದರು. 2011ರಲ್ಲಿ ಬ್ರಿಟನ್ನಿನ ಲಯನ್‌ಹೆಡ್ ಸ್ಟುಡಿಯೊದ ಮೈಕ್ ವೆಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೈರಸಿಗಿಂತ ಸೆಕೆಂಡ್ ಹ್ಯಾಂಡ್ ಮಾರಾಟದಿಂದಲೇ ಹೆಚ್ಚು ನಷ್ಟ ಎಂದುಬಿಟ್ಟರು. ಅಂದು ಕೆಲವು ಕಂಪನಿಗಳವರ ಬಾಯಲ್ಲಿದ್ದ ಈ ಮಾತು ಈಗ ಗೇಮ್ ಆಡುವ ಹುಡುಗರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಪೈರಸಿ ಮಾಡಿದರೂ ಡೆವಲಪರ್‌ಗೆ ಸೊನ್ನೆ, ಹಳೆಯ ಡಿಸ್ಕ್ ಕೊಂಡರೂ ಸೊನ್ನೆ, ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತಾರೆ. ಕದ್ದು ಆಡುವವರಿಗೆ ಈ ಪ್ರಶ್ನೆ ಒಂದು ನೆಪವಾಗಿದೆ. ದುಡ್ಡು ಕೊಟ್ಟು ಹಳೆಯದನ್ನು ಕೊಳ್ಳುವವರಿಗೆ ಅದು ಅಪರಾಧಭಾವ ತಂದಿದೆ.

ಎರಡೂ ಅನ್ಯಾಯ. ಈ ವಾದದಲ್ಲಿ ಹುರುಳಿಲ್ಲ. ಡೆವಲಪರ್‌ಗಳ ಹೆಸರಿನಲ್ಲಿ ಹುಟ್ಟಿ, ಡೆವಲಪರ್‌ಗಳಿಗೆ ಏನನ್ನೂ ಕೊಡದೆ, ಕೊಳ್ಳುವವರ ಹಕ್ಕನ್ನು ಕಿತ್ತುಕೊಂಡ ವಾದ ಇದು.

ಹೆವಿ ರೇನ್‌ನ ಲೆಕ್ಕವನ್ನೇ ಬಿಡಿಸಿ ನೋಡೋಣ. ಆಡಿದವರು 30 ಲಕ್ಷ, ಡಿಸ್ಕ್ 20 ಲಕ್ಷ. ಆ 20 ಲಕ್ಷ ಡಿಸ್ಕ್‌ಗಳಲ್ಲಿ ಒಂದೊಂದಕ್ಕೂ ಯಾರೋ ಒಬ್ಬರು ಅಂಗಡಿಯಲ್ಲಿ ಹೊಸದರ ಬೆಲೆ ಕೊಟ್ಟಿದ್ದಾರೆ. ಒಂದು ಡಿಸ್ಕ್ ಒಂದು ಹೊತ್ತಿಗೆ ಒಂದು ಯಂತ್ರದಲ್ಲಿ ಮಾತ್ರ ಓಡುತ್ತದೆ. ಮಾರಿದವನು ಮತ್ತೆ ಆಡಲಾರ. ಟ್ರೋಫಿ ಸೇರುವುದು ಖಾತೆಗೆ, ಡಿಸ್ಕ್‌ಗಲ್ಲ. ಒಂದೇ ಮನೆಯ ಅಣ್ಣನೂ ತಂಗಿಯೂ ತಮ್ಮ ತಮ್ಮ ಖಾತೆಯಲ್ಲಿ ಆಡಿದರೆ ಲೆಕ್ಕಕ್ಕೆ ಇಬ್ಬರು. ಗೆಳೆಯನಿಂದ ವಾರದ ಮಟ್ಟಿಗೆ ಎರವಲು ತಂದವನು, ಬಾಡಿಗೆಗೆ ತಂದವನು, ಎಲ್ಲರೂ ಆ ಹತ್ತು ಲಕ್ಷದಲ್ಲಿ ಸೇರಿಹೋಗಿದ್ದಾರೆ. ಹೋಯಿತು ಎಂದ ಮೊತ್ತವನ್ನು ಹತ್ತು ಲಕ್ಷದಿಂದ ಭಾಗಿಸಿದರೆ ತಲೆಗೆ 5ರಿಂದ 10 ಯೂರೊ ಬರುತ್ತದೆ. ಹಳೆಯದು ಸಿಗದೇ ಹೋಗಿದ್ದರೆ ಇವರಲ್ಲಿ ಪ್ರತಿಯೊಬ್ಬರೂ ಪೂರ್ತಿ ಬೆಲೆ ತೆತ್ತು ಹೊಸದನ್ನೇ ಕೊಳ್ಳುತ್ತಿದ್ದರು ಎಂದು ನಂಬಿದರೆ ಮಾತ್ರ ಈ ನಷ್ಟ ನಷ್ಟವಾಗುತ್ತದೆ. ಹಾಗೆ ನಂಬಲು ಆಧಾರವೇನು? ಅದೇ ಸಂದರ್ಶನದಲ್ಲಿ ಫೊಂಡೊಮಿಯೇರ್ ಅವರೇ ಆಟಗಳ ಬೆಲೆ ಬಹುಶಃ ಹೆಚ್ಚಾಯಿತು ಎಂದು ಒಪ್ಪಿದ್ದರು. ಆ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಬೆಂಗಳೂರಿನವರಿಗೆ ಈ ವ್ಯತ್ಯಾಸವನ್ನು ಹೊಸದಾಗಿ ಕಲಿಸಬೇಕಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಿಂದಿನ ವರ್ಷದ ವಿದ್ಯಾರ್ಥಿ ಮಾರಿದ ಎಂಜಿನಿಯರಿಂಗ್ ಪುಸ್ತಕವನ್ನು ಈ ವರ್ಷದವನು ಅರ್ಧ ಬೆಲೆಗೆ ಕೊಳ್ಳುತ್ತಾನೆ. ಅಲ್ಲಿಂದ ಹೆಚ್ಚು ದೂರವಿಲ್ಲದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಒಂದು ಕಾಲಕ್ಕೆ ಪ್ಲೇಸ್ಟೇಷನ್ 2ರ ನಕಲಿ ಡಿಸ್ಕ್‌ಗಳು ಪ್ಲಾಸ್ಟಿಕ್ ಕವರಿನಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವೆನ್ಯೂ ರಸ್ತೆಯಲ್ಲಿ ಇರುವ ಪುಸ್ತಕವೇ ಕೈ ಬದಲಾಯಿಸುತ್ತದೆ. ನ್ಯಾಷನಲ್ ಮಾರ್ಕೆಟ್‌ನಲ್ಲಿ ಒಂದು ಡಿಸ್ಕ್ ರಾತ್ರಿ ಬೆಳಗಾಗುವುದರಲ್ಲಿ ನೂರಾಗುತ್ತಿತ್ತು. ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಕೊಂಡವನನ್ನು ಯಾರೂ ಕಳ್ಳ ಎಂದು ಕರೆದದ್ದಿಲ್ಲ.

ಕಾನೂನೂ ಕರೆದಿಲ್ಲ. ಈ ಜಗಳ ಗೇಮ್‌ಗಳಿಗಿಂತ ಬಹಳ ಹಳೆಯದು. ಬಾಬ್ಸ್ ಮೆರಿಲ್ ಎಂಬ ಅಮೆರಿಕದ ಪ್ರಕಾಶಕರು ‘ದಿ ಕಾಸ್ಟ್‌ಅವೇ’ ಎಂಬ ಕಾದಂಬರಿಯೊಳಗೆ ಒಂದು ಎಚ್ಚರಿಕೆ ಅಚ್ಚು ಹಾಕಿಸಿದ್ದರು. ಇದರ ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಎಂದು ಅದರಲ್ಲಿತ್ತು. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟ್‌ಗೆ ಮಾರಿತು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಂಗಡಿಯ ಪರ ತೀರ್ಪಿತ್ತಿತು. ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟದ ಮೇಲೆ ಪ್ರಕಾಶಕರ ಹಿಡಿತ ಮುಗಿಯಿತು ಎಂಬುದು ತೀರ್ಪಿನ ತಿರುಳು. ಗೇಮ್‌ಗಳ ತವರಾದ ಜಪಾನಿನಲ್ಲಿ ಇದೇ ಪ್ರಶ್ನೆ ನೇರವಾಗಿ ಎದುರಾಯಿತು. ಎನಿಕ್ಸ್, ಕ್ಯಾಪ್‌ಕಾಮ್, ಕೊನಾಮಿ, ಸೋನಿಯಂಥ ಘಟಾನುಘಟಿಗಳು ಒಂದು ಕಡೆ, ಹಳೆಯ ಗೇಮ್ ಮಾರುವ ಅಂಗಡಿಯವರು ಇನ್ನೊಂದು ಕಡೆ. ಗೇಮ್ ಎಂಬುದು ಸಿನಿಮಾದಂಥ ಕೃತಿ, ಸಿನಿಮಾಕ್ಕಿರುವ ವಿತರಣೆಯ ಹಕ್ಕು ನಮಗೂ ಇದೆ ಎಂದು ಕಂಪನಿಗಳು ವಾದಿಸಿದವು. 2002ರ ಏಪ್ರಿಲ್ 25ರಂದು ಜಪಾನಿನ ಸುಪ್ರೀಂ ಕೋರ್ಟ್ ಆ ಹಕ್ಕು ಇರುವುದನ್ನು ಒಪ್ಪಿತು, ಆದರೆ ಪ್ರತಿ ಮೊದಲ ಸಲ ಕಾನೂನುಬದ್ಧವಾಗಿ ಮಾರಾಟವಾದೊಡನೆ ಆ ಹಕ್ಕು ಅಲ್ಲಿಗೇ ತೀರಿತು ಎಂದಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಕಲಮು ಕೂಡ ಪುಸ್ತಕದ ವಿಷಯದಲ್ಲಿ, ಈಗಾಗಲೇ ಚಲಾವಣೆಗೆ ಬಂದ ಪ್ರತಿಗಳನ್ನು ಹಕ್ಕುದಾರರ ಹಿಡಿತದಿಂದ ಹೊರಗಿಟ್ಟಿದೆ.

ಕಾನೂನು ಏನಾದರೂ ಹೇಳಲಿ, ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಹೊಸ ಆಟಕ್ಕೆ 60 ಡಾಲರ್ ಇದ್ದ ಕಾಲದಲ್ಲಿ ಅಂಗಡಿಯ ಕೌಂಟರಿನ ಮುಂದೆ ನಿಂತ ಗಿರಾಕಿಯ ಮನಸ್ಸಿನಲ್ಲಿ ಎರಡು ಅಂಕಿಗಳಿರುತ್ತಿದ್ದವು. ಈಗ ಕೊಡಬೇಕಾದ ದುಡ್ಡು ಒಂದು, ಆಟ ಮುಗಿಸಿ ಮಾರಿದರೆ ಕೈಗೆ ಬರುವ ದುಡ್ಡು ಇನ್ನೊಂದು. ಇಪ್ಪತ್ತು ಡಾಲರ್ ವಾಪಸ್ ಬರುತ್ತದೆ ಎಂಬ ಭರವಸೆ ಇದ್ದುದರಿಂದಲೇ ಅವನು 60 ಕೊಡಲು ಧೈರ್ಯ ಮಾಡುತ್ತಿದ್ದ. ಆ ಭರವಸೆ ಇಲ್ಲದಿದ್ದರೆ ಅದೇ ಆಟ ಅವನಿಗೆ 40 ಡಾಲರಿನ ಸರಕು. ಎಂದರೆ ಹಳೆಯ ಡಿಸ್ಕಿನ ಬೆಲೆ ಹೊಸ ಡಿಸ್ಕಿನ ಬೆಲೆಯೊಳಗೇ ಸೇರಿಕೊಂಡಿತ್ತು. ಮುಂದೆ ಎರಡನೆಯವನು ಕೊಡಲಿದ್ದ ದುಡ್ಡನ್ನು ಕಂಪನಿ ಮೊದಲನೆಯವನ ಕೈಯಿಂದ ಮೊದಲ ದಿನವೇ ಎಣಿಸಿಕೊಂಡಿತ್ತು. ಎರಡನೆಯವನಿಂದ ನಯಾಪೈಸೆ ಬರಲಿಲ್ಲ ಎಂದು ಆಮೇಲೆ ಗೋಳಿಡುವುದು ಒಂದೇ ಸರಕಿಗೆ ಎರಡು ಸಲ ಕಾಸು ಕೇಳಿದಂತೆ. ಮಾರಿ ಬಂದ ದುಡ್ಡೂ ಮತ್ತೆ ಇದೇ ಅಂಗಡಿಗೆ ಬೀಳುತ್ತಿತ್ತು. ಗಿರಾಕಿಗಳು ಹಳೆಯ ಡಿಸ್ಕ್ ಕೊಟ್ಟು ಪಡೆದ ಮೊತ್ತದಲ್ಲಿ ಶೇ 70ರಷ್ಟು ಹೊಸ ಆಟಗಳಿಗೇ ಖರ್ಚಾಗುತ್ತದೆ ಎಂದು ಟೆಕ್ಸಸ್‌ನ ಗೇಮ್‌ಸ್ಟಾಪ್ ಅಂಗಡಿ ಸಮೂಹ ಹೇಳಿಕೊಂಡಿತ್ತು. ಅದು ಲಾಭ ಮಾಡುವವರ ಮಾತು, ಸ್ವಲ್ಪ ಕಳೆದೇ ಕೇಳಬೇಕು.

ಹಾಗಾಗಿ ಲಾಭವಿಲ್ಲದವರ ಲೆಕ್ಕವನ್ನೂ ನೋಡಬೇಕು. ಮಸಕಾಜು ಇಶಿಹರ ಮತ್ತು ಆಂಡ್ರ್ಯೂ ಚಿಂಗ್ ಎಂಬ ಸಂಶೋಧಕರು ಜಪಾನಿನ ಗೇಮ್ ಮಾರುಕಟ್ಟೆಯ ಅಂಕಿಅಂಶ ಹಿಡಿದು, ಹಳೆಯ ಗೇಮ್‌ಗಳ ವ್ಯಾಪಾರವನ್ನು ಮುಚ್ಚಿಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೊಸ ಆಟದ ಬೆಲೆಯನ್ನು ಇದ್ದ ಹಾಗೇ ಇಟ್ಟುಕೊಂಡು ಹಳೆಯದರ ಬಾಗಿಲು ಮುಚ್ಚಿದರೆ ಕಂಪನಿಯ ಲಾಭ ಸರಾಸರಿ ಶೇ 10ರಷ್ಟು ಇಳಿಯುತ್ತದೆ. ಹೊಸ ಪರಿಸ್ಥಿತಿಗೆ ತಕ್ಕಂತೆ ಬೆಲೆಯನ್ನು ಸರಿಯಾಗಿ ಇಳಿಸಿ ಮರುನಿಗದಿ ಮಾಡಿದರೆ ಶೇ 19ರಷ್ಟು ಏರುತ್ತದೆ. ಮೊದಲ ಅರ್ಧವನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗುವುದು ಪ್ರಾಮಾಣಿಕತೆಯಲ್ಲ, ಅದಕ್ಕೇ ಎರಡನ್ನೂ ಇಟ್ಟಿದ್ದೇನೆ. ಈಗ ಕೇಳಬೇಕಾದ್ದು ಒಂದೇ. ಕಳೆದ ಹತ್ತು ವರ್ಷಗಳಲ್ಲಿ ಡಿಸ್ಕ್ ಮಾಯವಾಗುತ್ತ, ಡೌನ್‌ಲೋಡ್ ಬೆಳೆಯುತ್ತ, ಮರುಮಾರಾಟ ತಾನಾಗಿ ಸೊರಗಿತಲ್ಲ, ಹೊಸ ಆಟದ ಬೆಲೆ ಇಳಿಯಿತೇ? 2020ರಲ್ಲಿ ಹೊಸ ಕನ್ಸೋಲ್‌ಗಳ ಜೊತೆ 60 ಡಾಲರ್ 70 ಆಯಿತು. 2025ರಲ್ಲಿ ನಿಂಟೆಂಡೊ ‘ಮಾರಿಯೊ ಕಾರ್ಟ್ ವರ್ಲ್ಡ್’ಗೆ 80 ಡಾಲರ್ ಇಟ್ಟಿತು. ಕೊಳ್ಳುವವನು ಮಾರುವ ಹಕ್ಕನ್ನೂ ಕಳೆದುಕೊಂಡ, ಹೆಚ್ಚಿನ ಬೆಲೆಯನ್ನೂ ತೆತ್ತ.

ಗೇಮ್‌ಸ್ಟಾಪ್‌ನಂಥ ಅಂಗಡಿಗಳು ಸಾಚಾ ಎಂದು ನಾನು ಹೇಳುತ್ತಿಲ್ಲ. ಹೊಸ ಆಟ 60 ಡಾಲರ್ ಇದ್ದಾಗ ಅದರ ಪಕ್ಕದಲ್ಲೇ ಹಳೆಯದನ್ನು 55ಕ್ಕೆ ಇಟ್ಟು, ಕೌಂಟರಿನಲ್ಲಿ ನಿಂತ ಹುಡುಗರ ಕೈಯಲ್ಲಿ ಅದನ್ನೇ ತೆಗೆದುಕೊಳ್ಳಿ ಎಂದು ಹೇಳಿಸುತ್ತಿದ್ದರು. ಹಳೆಯದರ ಮಾರಾಟದಲ್ಲಿ ಅವರಿಗೆ ಹತ್ತಿರ ಹತ್ತಿರ ಅರ್ಧದಷ್ಟು ಲಾಭ ಗಿಟ್ಟುತ್ತಿತ್ತು, ಹೊಸದರಲ್ಲಿ ಐದರಲ್ಲೊಂದು ಪಾಲು. ಆ ದುರಾಸೆಯನ್ನು ಅಂಗಡಿಯವರ ಜೊತೆ ಕೂತು ಚೌಕಾಸಿ ಮಾಡಿ ಬಗೆಹರಿಸಿಕೊಳ್ಳಬಹುದಿತ್ತು. ಕಂಪನಿಗಳು ಅಂಗಡಿಯವರನ್ನು ಬಿಟ್ಟು ಗಿರಾಕಿಯ ಕುತ್ತಿಗೆಗೆ ಕೈ ಹಾಕಿದವು. ಇಎ ಕಂಪನಿ 2010ರಲ್ಲಿ ಆನ್‌ಲೈನ್ ಪಾಸ್ ಎಂಬುದನ್ನು ತಂದು, ಹಳೆಯ ಡಿಸ್ಕ್ ಕೊಂಡವನು ಆನ್‌ಲೈನ್ ಆಡಬೇಕಾದರೆ ಹತ್ತು ಡಾಲರ್ ಕಟ್ಟಲಿ ಎಂದಿತು. ಜನ ಅದನ್ನು ಎಷ್ಟು ದ್ವೇಷಿಸಿದರೆಂದರೆ 2013ರ ಮೇ ತಿಂಗಳಲ್ಲಿ ಇಎ ತಾನಾಗಿ ಅದನ್ನು ಕೈಬಿಟ್ಟಿತು.

ಇನ್ನು ಪೈರಸಿ. ಅದರ ಬಗ್ಗೆ ನನಗೆ ಯಾವ ಮೃದು ಧೋರಣೆಯೂ ಇಲ್ಲ. ಹಳೆಯ ಡಿಸ್ಕಿನ ಜೊತೆ ಅದನ್ನು ಒಂದೇ ತಕ್ಕಡಿಯಲ್ಲಿ ತೂಗುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೋಲಿಕೆಯಿಂದ ಪೈರಸಿ ಹಗುರವಾಗಿಬಿಡುತ್ತದೆ.

2013ರ ಏಪ್ರಿಲ್‌ನಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೊ ‘ಗೇಮ್ ಡೆವ್ ಟೈಕೂನ್’ ಎಂಬ ಆಟ ಬಿಡುಗಡೆ ಮಾಡಿತು. ಇಬ್ಬರು ಸಹೋದರರು ಸೇರಿ ಕಟ್ಟಿದ ಸಂಸ್ಥೆ ಅದು. ಆಟಗಾರ ಒಂದು ಗೇಮ್ ಕಂಪನಿ ನಡೆಸಿ ಬೆಳೆಸಬೇಕು, ಅದೇ ಆಟ. ಬಿಡುಗಡೆಯ ದಿನವೇ ಅವರು ತಮ್ಮ ಆಟದ ಒಂದು ಕ್ರ್ಯಾಕ್ ಆವೃತ್ತಿಯನ್ನು ತಾವೇ ಟೊರೆಂಟ್‌ನಲ್ಲಿ ಹರಿಯಬಿಟ್ಟರು. ಅದರಲ್ಲಿ ಒಂದೇ ಬದಲಾವಣೆ ಮಾಡಿದ್ದರು. ಆಟಗಾರ ಕೆಲವು ಗಂಟೆ ಆಡಿ ಕಂಪನಿ ಒಂದು ಹದಕ್ಕೆ ಬಂತು ಎನ್ನುವಾಗ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ. ನಿಮ್ಮ ಆಟವನ್ನು ಬಹಳ ಜನ ಆಡುತ್ತಿದ್ದಾರೆ, ಆದರೆ ಕೊಳ್ಳದೆ ಕದ್ದು ಆಡುತ್ತಿದ್ದಾರೆ, ಹೀಗೇ ಆದರೆ ದಿವಾಳಿಯಾಗುತ್ತೇವೆ ಎಂದು. ಅಲ್ಲಿಂದಾಚೆ ಎಷ್ಟು ಒಳ್ಳೆಯ ಆಟ ತಯಾರಿಸಿದರೂ ಖಜಾನೆ ಬರಿದಾಗುತ್ತ ಹೋಗಿ ಕಂಪನಿ ಮುಳುಗುತ್ತದೆ. ಕದ್ದು ಆಡುತ್ತಿದ್ದವರೇ ಬಂದು, ಜನ ಯಾಕೆ ಹೀಗೆ ಪೈರಸಿ ಮಾಡುತ್ತಾರೆ, ಇದನ್ನು ತಡೆಯಲು ಏನಾದರೂ ಉಪಾಯ ಇದೆಯೇ ಎಂದು ಆ ಸಹೋದರರನ್ನೇ ಕೇಳಿದರು. ಮೊದಲ ದಿನ ಆಡಿದವರು 3,318 ಮಂದಿ. ಅವರಲ್ಲಿ ದುಡ್ಡು ಕೊಟ್ಟವರು 214.

214 ಮಂದಿ ಕೊಂಡರು, 3,104 ಮಂದಿ ಕದ್ದರು. ಈ ಜಾಗದಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳನ್ನು ಇಟ್ಟು ನೋಡಿ. 214 ಡಿಸ್ಕ್‌ಗಳನ್ನು ಒಂದೇ ದಿನದಲ್ಲಿ 3,318 ಮಂದಿ ಆಡಲು ಸಾಧ್ಯವೇ? ಪ್ರತಿ ಡಿಸ್ಕ್ ಅಂಗಡಿಗೆ ಮರಳಬೇಕು, ಅದಕ್ಕೆ ಮೊದಲು ಯಾರೋ ಅದನ್ನು ಆಡಿ ಮುಗಿಸಬೇಕು, ಆಮೇಲೆ ಇನ್ನೊಬ್ಬ ಬಂದು ದುಡ್ಡು ಕೊಟ್ಟು ಒಯ್ಯಬೇಕು. ಹಳೆಯ ವ್ಯಾಪಾರಕ್ಕೆ ಹುಟ್ಟಿನಿಂದಲೇ ಒಂದು ಲಗಾಮು ಇದೆ, ನಕಲಿಗೆ ಅದಿಲ್ಲ. ಹೊಡೆತ ಎಲ್ಲಿ ಬೀಳುತ್ತದೆ ಎಂಬುದೂ ಈಗ ಗೊತ್ತಾಗಿದೆ. ಕಳ್ಳತನ ತಡೆಯುವ ಡೆನುವೊ ತಂತ್ರಾಂಶ ಇದ್ದ 86 ಆಟಗಳನ್ನು ಪರಿಶೀಲಿಸಿ ವಿಲಿಯಂ ವೋಲ್ಕ್‌ಮನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಬಂದರೆ ಆದಾಯದಲ್ಲಿ ಸರಾಸರಿ ಶೇ 20ರಷ್ಟು ಖೋತಾ ಆಗುತ್ತದೆ. ಹನ್ನೆರಡು ವಾರ ದಾಟಿದ ಮೇಲೆ ಕ್ರ್ಯಾಕ್ ಬಂದರೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಆದಾಯದ ಬಹುಪಾಲು ಬರುವ ಆ ಮೊದಲ ದಿನಗಳಲ್ಲಿ ಅಂಗಡಿಗೆ ಮರಳಿದ ಹಳೆಯ ಡಿಸ್ಕ್ ಎಷ್ಟಿರುತ್ತದೆ?

ಪೈರಸಿಗೆ ಮದ್ದು ಇಲ್ಲವೆಂದಲ್ಲ. ಇಂದು ‘ವಿಚರ್’ ಆಟಗಳಿಂದ ಹೆಸರಾದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಮೊದಲು ಬೇರೆಯವರ ಆಟಗಳನ್ನು ತಂದು ಮಾರುತ್ತಿದ್ದ ಕಂಪನಿ. ವಾರ್ಸಾದ ಸಂತೆಗಳಲ್ಲಿ ನಕಲಿ ಸಿಡಿಗಳು ತುಂಬಿ ತುಳುಕುತ್ತಿದ್ದ 1999ರಲ್ಲಿ ಅದು ‘ಬಾಲ್ಡರ್ಸ್ ಗೇಟ್’ ಆಟವನ್ನು ಹೆಸರಾಂತ ನಟರ ದನಿಯಲ್ಲಿ ಪೋಲಿಷ್ ಭಾಷೆಗೆ ತಂದು, ಪೆಟ್ಟಿಗೆಯೊಳಗೆ ನಕ್ಷೆ, ಪುಸ್ತಕ ಇಟ್ಟು, ಜನರಿಗೆ ಎಟಕುವ ಬೆಲೆಗೆ ಮಾರಿತು. ನಕಲಿಯಲ್ಲಿ ಸಿಗದ್ದು ಅಸಲಿಯಲ್ಲಿ ಸಿಕ್ಕಿತು, ಜನ ಕೊಂಡರು. ಹಕ್ಕು ಕಿತ್ತುಕೊಂಡು ಗಿರಾಕಿಗಳನ್ನು ಗೆದ್ದ ಕಂಪನಿಯ ಹೆಸರು ನನಗೆ ಗೊತ್ತಿಲ್ಲ.

ಡೆವಲಪರ್‌ಗಳ ಹೊಟ್ಟೆ ಮೇಲೆ ನಿಜವಾಗಿ ಹೊಡೆದವರು ಯಾರು? ದೊಡ್ಡ ಆಟಗಳನ್ನು ತಯಾರಿಸುವ ಸ್ಟುಡಿಯೊಗೆ ಸಾಮಾನ್ಯವಾಗಿ ಪ್ರಕಾಶಕರು ಮುಂಗಡ ಕೊಡುತ್ತಾರೆ. ಆ ಮುಂಗಡವೆಲ್ಲ ಸ್ಟುಡಿಯೊದ ಪಾಲಿನಿಂದ ಮುರಿದುಕೊಂಡ ಮೇಲೆ ರಾಯಲ್ಟಿ ಶುರು. ಬಹಳಷ್ಟು ಆಟಗಳು ಆ ಗೆರೆಯನ್ನು ದಾಟುವುದೇ ಇಲ್ಲ. ದಾಟಿದರೂ ಸಂಬಳಕ್ಕೆ ದುಡಿಯುವ ಚಿತ್ರಕಾರನಿಗೆ, ಪ್ರೋಗ್ರಾಮರ್‌ಗೆ ಅದರಲ್ಲಿ ಪಾಲು ಇರಲೇಬೇಕೆಂದಿಲ್ಲ. 2010ರಲ್ಲಿ ಅಬ್ಸಿಡಿಯನ್ ಸ್ಟುಡಿಯೊ ಬೆಥೆಸ್ಡಾ ಕಂಪನಿಗಾಗಿ ‘ಫಾಲ್ಔಟ್: ನ್ಯೂ ವೆಗಾಸ್’ ತಯಾರಿಸಿತು. ಮೆಟಾಕ್ರಿಟಿಕ್ ಎಂಬ ತಾಣದಲ್ಲಿ ವಿಮರ್ಶಕರ ಸರಾಸರಿ ಅಂಕ 85 ಬಂದರೆ ಬೋನಸ್ ಎಂದು ಒಪ್ಪಂದವಾಗಿತ್ತು. ಬಂದದ್ದು 84. ಆಟ ಲಕ್ಷಗಟ್ಟಲೆ ಬಿಕರಿಯಾಯಿತು, ಸ್ಟುಡಿಯೊಗೆ ಬೋನಸ್ ಬರಲಿಲ್ಲ. 2009ರ ‘ಮಾಡರ್ನ್ ವಾರ್‌ಫೇರ್ 2’ ಐದೇ ದಿನದಲ್ಲಿ 55 ಕೋಟಿ ಡಾಲರ್ ಬಾಚಿತು. ಅದನ್ನು ತಯಾರಿಸಿದ ಇನ್‌ಫಿನಿಟಿ ವಾರ್ಡ್ ಸ್ಟುಡಿಯೊದ ನೌಕರರು ತಮಗೆ ಬರಬೇಕಾದ ಬೋನಸ್‌ಗಾಗಿ ಪ್ರಕಾಶಕರಾದ ಆಕ್ಟಿವಿಷನ್ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು. ವಿಚಾರಣೆ ಹತ್ತಿರ ಬಂದಾಗ, 2012ರಲ್ಲಿ, ಆಕ್ಟಿವಿಷನ್ 4.2 ಕೋಟಿ ಡಾಲರ್ ಕೊಟ್ಟಿತು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾಗಿ, 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡ ಧ್ರುವ ಇಂಟರ್ಯಾಕ್ಟಿವ್‌ನಂಥ ಸ್ಟುಡಿಯೊಗಳಲ್ಲಿ ನಮ್ಮ ಹುಡುಗ ಹುಡುಗಿಯರು ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಟ್ಟಿದ್ದಾರೆ. ಇಂಥ ಹೊರಗುತ್ತಿಗೆ ಕೆಲಸಕ್ಕೆ ಸಿಗುವುದು ಮಾತಾಡಿಕೊಂಡ ದುಡ್ಡು. ಆಟ ಹೊಸದಾಗಿ ಕೋಟಿ ಪ್ರತಿ ಹೋದರೂ ಅವರಿಗೆ ಅಷ್ಟೇ.

ಗಿರಾಕಿಗಳಿಂದ ಮೋಸವಾಯಿತು ಎಂದ ಟಿಎಚ್‌ಕ್ಯು ಕತೆಯನ್ನೂ ಹೇಳಿಬಿಡಬೇಕು. ಆ ಕಂಪನಿ ಯು-ಡ್ರಾ ಎಂಬ ಚಿತ್ರ ಬಿಡಿಸುವ ಹಲಗೆಯನ್ನು ತಯಾರಿಸಿತ್ತು. ಒಂದು ಕನ್ಸೋಲ್‌ನಲ್ಲಿ ಅದು ಚೆನ್ನಾಗಿ ಹೋಯಿತೆಂದು 2011ರಲ್ಲಿ ಉಳಿದ ಎರಡಕ್ಕೂ ವಿಸ್ತರಿಸಿತು. ಸುಮಾರು 14 ಲಕ್ಷ ಹಲಗೆಗಳು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆತವು. 2012ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಮರು ತಿಂಗಳು ಅದರ ಸ್ಟುಡಿಯೊಗಳು ಹರಾಜಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಕಾಲಕ್ಕೂ ಇರುತ್ತಾರೆ, ಆದರೆ ಇಲ್ಲಿ ಬೀದಿಗೆ ಬಿದ್ದದ್ದು ಹಲಗೆ ಮಾಡಲು ತೀರ್ಮಾನಿಸಿದವರಲ್ಲ, ಸ್ಟುಡಿಯೊಗಳಲ್ಲಿ ದುಡಿಯುತ್ತಿದ್ದವರು.

ಸೆಕೆಂಡ್ ಹ್ಯಾಂಡ್ ವ್ಯಾಪಾರವನ್ನು ತೊಡೆದುಹಾಕಿದರೆ ಡೆವಲಪರ್ ಬದುಕುತ್ತಾನೆ ಎಂಬುದನ್ನು ಪರೀಕ್ಷಿಸಲು ಈಗ ಊಹೆ ಬೇಕಿಲ್ಲ. 2013ರಲ್ಲಿ ಮೈಕ್ರೊಸಾಫ್ಟ್ ಹೊಸ ಎಕ್ಸ್‌ಬಾಕ್ಸ್ ಒನ್‌ಗೆ, 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು, ಆಟವನ್ನು ಇನ್ನೊಬ್ಬರಿಗೆ ಕೊಡಲು ನಿರ್ಬಂಧ ಎಂಬ ಷರತ್ತು ಹಾಕಿತು. ಜೂನ್ ತಿಂಗಳಲ್ಲಿ ಸೋನಿ ಅರ್ಧ ನಿಮಿಷಕ್ಕೂ ಕಡಿಮೆಯ ಒಂದು ವಿಡಿಯೊ ಬಿಟ್ಟಿತು. ಆಟ ಹಂಚಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಸೋನಿಯ ಶುಹೇ ಯೊಶಿದಾ ಪಕ್ಕದಲ್ಲಿದ್ದವರಿಂದ ಆಟದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ವಿಡಿಯೊ ಮುಗಿಯಿತು. ಜೂನ್ 19ರಂದು ಮೈಕ್ರೊಸಾಫ್ಟ್ ಷರತ್ತುಗಳನ್ನು ವಾಪಸ್ ಪಡೆಯಿತು. ಆದರೆ ಅಂದು ಹಠಾತ್ತಾಗಿ ಮಾಡಲಾಗದ್ದನ್ನು ಮುಂದಿನ ವರ್ಷಗಳಲ್ಲಿ ಡೌನ್‌ಲೋಡ್ ನಿಧಾನವಾಗಿ ಮಾಡುತ್ತ ಬಂತು. ಕಂಪ್ಯೂಟರ್ ಆಟಗಳಲ್ಲಂತೂ ಮರುಮಾರಾಟ ಸತ್ತು ಎಷ್ಟೋ ಕಾಲವಾಯಿತು. ಸ್ಟೀಮ್ ಎಂಬ ಡೌನ್‌ಲೋಡ್ ಅಂಗಡಿಯಲ್ಲಿ ಕೊಂಡದ್ದನ್ನು ಮಾರುವ ಹಕ್ಕು ಗಿರಾಕಿಗಿದೆ ಎಂದು 2019ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವೊಂದು ಹೇಳಿತ್ತು, 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಅಲ್ಲಿಗೆ ಡೆವಲಪರ್‌ಗಳ ಕಷ್ಟ ತೀರಬೇಕಿತ್ತು. ಟೋಕಿಯೊದ ಟ್ಯಾಂಗೊ ಗೇಮ್‌ವರ್ಕ್ಸ್ 2023ರ ಜನವರಿಯಲ್ಲಿ ‘ಹೈ-ಫೈ ರಷ್’ ಬಿಡುಗಡೆ ಮಾಡಿತು. ಆಗ ಡೌನ್‌ಲೋಡ್ ಮಾತ್ರ, ಡಿಸ್ಕ್ ಇರಲಿಲ್ಲ. ಹಳೆಯದನ್ನು ಮಾರುವ ಮಾತೇ ಇರಲಿಲ್ಲ. ವಿಮರ್ಶಕರು ಹೊಗಳಿದರು, ಸ್ಟುಡಿಯೊದ ಒಡೆಯರಾದ ಮೈಕ್ರೊಸಾಫ್ಟ್‌ನವರೇ ಅದನ್ನು ದೊಡ್ಡ ಗೆಲುವು ಎಂದರು. 2024ರ ಮೇ ತಿಂಗಳಲ್ಲಿ ಅದೇ ಮೈಕ್ರೊಸಾಫ್ಟ್ ಆ ಸ್ಟುಡಿಯೊವನ್ನು ಮುಚ್ಚುವುದಾಗಿ ಘೋಷಿಸಿತು. ಕೊರಿಯಾದ ಕ್ರಾಫ್ಟನ್ ಕಂಪನಿ ಕೈಹಿಡಿಯದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. 2023ರಲ್ಲೂ 2024ರಲ್ಲೂ ಜಗತ್ತಿನ ಗೇಮ್ ಉದ್ಯಮದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. 2025ರ ಮಾರ್ಚ್‌ನಲ್ಲಿ ಅಮೆರಿಕ, ಕೆನಡಾಗಳ ಗೇಮ್ ಕೆಲಸಗಾರರು ಒಂದು ಸಂಘ ಕಟ್ಟಿದರು. ಅವರು ಮೊದಲಿಗೆ ಎತ್ತಿದ್ದು ಲೇಆಫ್‌ನ ಪ್ರಶ್ನೆ.

ಗಿರಾಕಿ ಕಳೆದುಕೊಂಡದ್ದು ಎಷ್ಟು ಎಂಬುದಕ್ಕೆ ಯೂಬಿಸಾಫ್ಟ್‌ನ ‘ದಿ ಕ್ರೂ’ ಸಾಕು. 2014ರ ಆಟ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಒಬ್ಬರೇ ಕೂತು ಆಡುವ ಭಾಗವೂ ಸೇರಿ ಇಡೀ ಆಟ ನಿಂತುಹೋಯಿತು. ಡಿಸ್ಕ್ ಇದ್ದವರ ಕೈಯಲ್ಲಿ ಬರೀ ಡಿಸ್ಕ್ ಉಳಿಯಿತು. ಇಂಥವೇ ಪ್ರಕರಣಗಳ ಸಿಟ್ಟಿನ ನಡುವೆ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ತಂದು, ಡಿಜಿಟಲ್ ಅಂಗಡಿಗಳು ತಾವು ಕೊಡುತ್ತಿರುವುದು ಬರೀ ಪರವಾನಗಿ ಎಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮಾರುವ ಹಕ್ಕು ಹೋದ ಮೇಲೆ ಇಟ್ಟುಕೊಳ್ಳುವ ಹಕ್ಕೂ ಹೋಗುತ್ತದೆ. ಹಳೆಯ ಡಿಸ್ಕ್ ಕೊಳ್ಳುವವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಿದಾಗ ನಾವು ಚಪ್ಪಾಳೆ ತಟ್ಟಿ ಒಪ್ಪಿದ್ದು ಇದನ್ನೇ.

ಆದ್ದರಿಂದ ಗೇಮ್ ಆಡುವ ಕನ್ನಡದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಕ್ರ್ಯಾಕ್ ಮುಟ್ಟಬೇಡಿ, ಅದರಲ್ಲೂ ಇಬ್ಬರು ಮೂವರು ಸೇರಿ ತಯಾರಿಸಿದ ಸಣ್ಣ ಆಟದ್ದಂತೂ ಬೇಡ. ಅದನ್ನು ಬಿಡುಗಡೆಯಾದ ವಾರವೇ ದುಡ್ಡು ಕೊಟ್ಟು ಕೊಳ್ಳಿ. ₹4,999 ಕೊಟ್ಟು ದೊಡ್ಡ ಕಂಪನಿಯ ಆಟ ಕೊಳ್ಳುವುದಾದರೆ, ಡಿಸ್ಕ್ ಸಿಗುವಷ್ಟು ಕಾಲ ಡಿಸ್ಕನ್ನೇ ಕೊಳ್ಳಿ. ಮುಗಿದ ಮೇಲೆ ಇನ್ನೊಬ್ಬರಿಗೆ ಮಾರಿ, ಕೈಯಲ್ಲಿ ಕಾಸಿಲ್ಲದಿದ್ದರೆ ಇನ್ನೊಬ್ಬರು ಮಾರಿದ್ದನ್ನು ಕೊಳ್ಳಿ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.